ಮೊದಲ ದಿನದ ಹತ್ತು ಮೀಟರು

ನಮ್ಮಲ್ಲಿ ಬಹುತೇಕರು ಮೊದಲ ಬಾರಿಗೆ ಬಂದೂಕು ಹಿಡಿದದ್ದು ಶೂಟಿಂಗ್ ರೇಂಜಿನಲ್ಲಲ್ಲ, ಊರ ಜಾತ್ರೆಯ ಬಲೂನ್ ಅಂಗಡಿಯ ಮುಂದೆ. ಹಲಗೆಗೆ ಸಾಲಾಗಿ ಸಿಕ್ಕಿಸಿದ ಬಣ್ಣದ ಬಲೂನುಗಳು, ಗುರಿ ನೋಡುವ ಸೈಟು ಸವೆದುಹೋದ ಒಂದು ಹಳೆಯ ಏರ್‌ಗನ್ನು, ಹಿಂದೆ ನಿಂತು ‘ಇನ್ನೂ ಸ್ವಲ್ಪ ಕೆಳಗೆ ಹಿಡಿಯೋ’ ಎಂದು ಸಲಹೆ ಕೊಡುವ ಸೋದರಮಾವ, ಇವೆಲ್ಲ ನಿಮಗೂ ನೆನಪಿರಬೇಕು. ಹೊಸಬರನ್ನು ಈ ಕ್ರೀಡೆಗೆ ಕರೆತರುವ ಬಗೆಯನ್ನು ಕುರಿತ ಇಂದಿನ ಮಾತನ್ನು ನಾನು ಆ ಅಂಗಡಿಯಿಂದಲೇ ಆರಂಭಿಸುತ್ತೇನೆ; ಏಕೆಂದರೆ ಆ ಅಂಗಡಿಯವನು ಒಂದು ವಿಷಯವನ್ನು ನಮ್ಮಂಥ ತರಬೇತುದಾರರಿಗಿಂತ ಚೆನ್ನಾಗಿ ಬಲ್ಲ, ಇನ್ನೊಂದನ್ನು ಅವನು ಯೋಚಿಸಿಯೇ ಇರುವುದಿಲ್ಲ.

ಅವನು ಬಲ್ಲ ವಿಷಯವೆಂದರೆ, ಹೊಡೆದದ್ದರ ಫಲ ಹೊಡೆದವನಿಗೆ ಆ ಕ್ಷಣವೇ ಕಾಣಬೇಕು, ಕೇಳಬೇಕು ಎಂಬುದು. ಬಲೂನು ‘ಟಪ್’ ಎಂದರೆ ಮುಗಿಯಿತು, ಅಂಕ ಎಣಿಸುವವರು ಬೇಡ. ಅವನು ಯೋಚಿಸದ ವಿಷಯವೆಂದರೆ ನಳಿಗೆಯ ದಿಕ್ಕು. ಬಲೂನು ಒಡೆದ ಹುಡುಗ ಸಂತೋಷದಲ್ಲಿ ಬಂದೂಕನ್ನು ಕೈಯಲ್ಲಿಟ್ಟುಕೊಂಡೇ ಗೆಳೆಯರ ಕಡೆಗೆ ತಿರುಗುತ್ತಾನೆ, ನಳಿಗೆಯೂ ಅವನೊಡನೆ ತಿರುಗಿ ಜಾತ್ರೆಯ ಜನರ ಮುಖದ ಮೇಲೆಲ್ಲ ಹಾದುಹೋಗುತ್ತದೆ. ಹಿಂದಿನ ಹಲಗೆಯೂ ಗಟ್ಟಿ ಮರದ್ದಾಗಿದ್ದರೆ ಛರ್ರೆ ಪುಟಿದು ಹಿಂದಕ್ಕೆ ಬರಬಹುದು. ಮನಸ್ಸಿಗೆ ಹಿಡಿಸುವ ಅರ್ಧಭಾಗ ಜಾತ್ರೆಯಲ್ಲಿದೆ, ಅಪಾಯ ತಪ್ಪಿಸುವ ಅರ್ಧಭಾಗ ರೇಂಜಿನಲ್ಲಿದೆ ಎಂದು ನಾವು ಹಂಚಿಕೊಂಡುಬಿಟ್ಟಿದ್ದೇವೆ. ಈ ಹಂಚಿಕೆಯೇ ತಪ್ಪು ಎಂಬುದು ನನ್ನ ವಾದ. ಸುರಕ್ಷತೆಯ ಪಾಠವನ್ನು ಒಂದು ಗಂಟೆ ಗದರಿಸುವ ದನಿಯಲ್ಲಿ ಮುಗಿಸಿ, ಆಮೇಲೆ ‘ಈಗ ಖುಷಿಪಡು’ ಎಂದರೆ ಹೊಸಬನ ಕೈ ಅಷ್ಟರಲ್ಲಿ ಹೆದರಿಕೆಯಿಂದ ಬೆವತಿರುತ್ತದೆ. ಹಾಗೆಯೇ, ಮೂರು ಗಂಟೆ ಕಾಲ ಒಂದೂ ಗುರಿ ತಾಗದೆ ಬೇಸತ್ತವನು ಬಂದೂಕನ್ನು ಅಲಕ್ಷ್ಯದಿಂದ ಹಿಡಿಯತೊಡಗುತ್ತಾನೆ. ಹೆದರಿದವನೂ ಬೇಸತ್ತವನೂ ಇಬ್ಬರೂ ಅಪಾಯವೇ.

ನಾನು ಮಾತನಾಡುತ್ತಿರುವುದು 10 ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲಿನ ಬಗ್ಗೆ ಮಾತ್ರ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಇದರಲ್ಲಿ ಮದ್ದಿಲ್ಲ, ಒತ್ತಿ ತುಂಬಿದ ಗಾಳಿ ಅಥವಾ ಸ್ಪ್ರಿಂಗಿನ ಬಲ 4.5 ಮಿ.ಮೀ. ವ್ಯಾಸದ, ಸುಮಾರು ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ಟನ್ನು ತಳ್ಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ಬಾಯಲ್ಲಿ ಶಕ್ತಿ 20 ಜೂಲ್ ಮೀರದ, 4.5 ಮಿ.ಮೀ. ಮೀರದ ಏರ್ ರೈಫಲ್ಲಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ರೈಫಲ್ಲುಗಳ ಶಕ್ತಿ ಈ ಮಿತಿಯ ಅರ್ಧಕ್ಕಿಂತಲೂ ಕಡಿಮೆ. ಪರವಾನಗಿ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆಯಾಗುವುದಿಲ್ಲ. ಕಣ್ಣಿಗೆ ತಗುಲಿದ ಪೆಲೆಟ್ ಕಣ್ಣನ್ನೇ ತೆಗೆದುಬಿಡಬಲ್ಲದು. ಮನೆಯ ತಾರಸಿಯ ಮೇಲೆ ನಿಂತು ಗಿಳಿಯಂಥ ಕಾಡುಹಕ್ಕಿಗಳಿಗೆ ಗುರಿಯಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆ. ಕಾನೂನಿನ ಮಾತನ್ನು ಬದಿಗಿಟ್ಟರೂ, ಜೀವಕ್ಕೆ ಗುರಿಯಿಟ್ಟು ಅಭ್ಯಾಸ ಮಾಡಿದ ಮಗುವನ್ನು ನಾನು ನನ್ನ ರೇಂಜಿಗೆ ಸೇರಿಸಿಕೊಳ್ಳಲು ಹಿಂಜರಿಯುತ್ತೇನೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕಲಿಸಲು ಆರಂಭಿಸಿದ ಹೊಸತರಲ್ಲಿ, ಹನ್ನೊಂದು ವರ್ಷದ ಒಬ್ಬ ಹುಡುಗಿಯ ಕೈಗೆ ದೊಡ್ಡವರ ರೈಫಲ್ ಕೊಟ್ಟು, ಎದುರಿಗೆ ಸ್ಪರ್ಧೆಯ ಗುರಿಹಾಳೆಯನ್ನೇ ಕಟ್ಟಿ, ನಿಂತು ಹೊಡೆಯಲು ಹೇಳಿದೆ. ಏರ್ ರೈಫಲ್ಲಿನ ಆ ಗುರಿಹಾಳೆಯ ಲೆಕ್ಕ ನಿಮಗೆ ತಿಳಿದಿರಲಿ. ಹೊರಗಿನ ವೃತ್ತದ ಅಗಲ ಕೇವಲ 45.5 ಮಿ.ಮೀ.; ಅದರ ನಟ್ಟನಡುವಿನ ಹತ್ತು ಅಂಕದ ಚುಕ್ಕೆ 0.5 ಮಿ.ಮೀ., ಅಂದರೆ ಸಾಸಿವೆ ಕಾಳಿಗಿಂತಲೂ ಚಿಕ್ಕದು, ಹೊಡೆಯುವ ಪೆಲೆಟ್ಟಿಗಿಂತ ಒಂಬತ್ತು ಪಟ್ಟು ಕಿರಿದು. ರಂಧ್ರದ ಅಂಚು ಆ ಚುಕ್ಕೆಗೆ ತಾಗಿದರೂ ಹತ್ತು ಸಿಗುತ್ತದೆ ಎಂಬ ರಿಯಾಯಿತಿಯನ್ನು ಸೇರಿಸಿಕೊಂಡರೂ ಪೆಲೆಟ್ಟಿನ ನಡು ಕೇಂದ್ರದಿಂದ 2.5 ಮಿ.ಮೀ. ಮಾತ್ರ ಆಚೀಚೆ ಸರಿಯಬಹುದು. 10 ಮೀಟರ್ ದೂರದ ಆ ಎರಡೂವರೆ ಮಿಲಿಮೀಟರನ್ನು ಹಿಂದಿನ ಸೈಟಿನಿಂದ ಮುಂದಿನ ಸೈಟಿನವರೆಗಿನ ಸುಮಾರು 80 ಸೆಂ.ಮೀ.ಗೆ ಇಳಿಸಿ ನೋಡಿದರೆ, ಮುಂದಿನ ಸೈಟು 0.2 ಮಿ.ಮೀ. ಅಲುಗಿದರೆ ಸಾಕು, ಹತ್ತು ಕೈತಪ್ಪುತ್ತದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ಅವರು 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಪಡೆದರು ಎಂದರೆ, ನಲವತ್ತು ಸಲವೂ ಆ ಅಂಚು ಆ ಚುಕ್ಕೆಯನ್ನು ಮುಟ್ಟಿತು ಎಂದರ್ಥ. ಅಂಥ ಹಾಳೆಯನ್ನು ನಾನು ಮೊದಲ ದಿನವೇ ಒಂದು ಮಗುವಿನ ಮುಂದೆ ಕಟ್ಟಿದ್ದೆ. ಕಪ್ಪು ವೃತ್ತದೊಳಗೆ ಬಿದ್ದ ರಂಧ್ರ 10 ಮೀಟರಿನಿಂದ ಬರಿಗಣ್ಣಿಗೆ ಕಾಣುವುದೂ ಇಲ್ಲ. ಆ ಹುಡುಗಿ ಇಪ್ಪತ್ತು ಗುಂಡು ಹೊಡೆದಳು, ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ, ಭುಜ ನೋಯಿಸಿಕೊಂಡಳು, ‘ಥ್ಯಾಂಕ್ಯೂ ಮೇಡಂ’ ಎಂದು ಹೊರಟವಳು ಮತ್ತೆ ಬರಲಿಲ್ಲ.

ಆ ಬಳಿಕ ನಾನು ಮೊದಲ ದಿನದ ಏರ್ಪಾಡನ್ನೇ ಬದಲಿಸಿದೆ. ಈಗ ಹೊಸಬರು ಕುಳಿತು ಹೊಡೆಯುತ್ತಾರೆ. ಮೇಜಿನ ಮೇಲೆ ಮರಳು ತುಂಬಿ ಹೊಲಿದ ಬಟ್ಟೆಯ ಚೀಲವಿರುತ್ತದೆ. ರೈಫಲ್ಲಿನ ಭಾರವನ್ನು ಅದು ಹೊರುತ್ತದೆ, ಮಗು ಹೊರುವುದಿಲ್ಲ. ಸ್ಪರ್ಧೆಯ ರೈಫಲ್ 5.5 ಕಿಲೋವರೆಗೆ ತೂಗಬಹುದು, ಅದನ್ನು ಹೊತ್ತು ನಿಲ್ಲುವ ಸೊಂಟವೂ ಬೆನ್ನೂ ತಿಂಗಳುಗಳ ಅಭ್ಯಾಸದಿಂದ ಬರುವಂಥವು. ಎದುರಿಗೆ ವೃತ್ತವಿಲ್ಲದ, ಅಂಕವಿಲ್ಲದ ಬಿಳಿಯ ಹಾಳೆ. ಅದರ ಮೇಲೆ ನಾಲ್ಕಾಣೆ ಪಾವಲಿಯಷ್ಟು ಅಗಲದ ಒಂದು ಕಪ್ಪು ಬೊಟ್ಟು, ಅಷ್ಟೇ. ಐದು ಪೆಲೆಟ್ ಹೊಡೆಯಲು ಹೇಳುತ್ತೇನೆ. ಪೆಲೆಟ್ಟಿನ ಮೂತಿ ಚಪ್ಪಟೆಯಾಗಿರುವುದರಿಂದ ಹಾಳೆಯಲ್ಲಿ ಕಚೇರಿಯ ಪಂಚಿಂಗ್ ಯಂತ್ರ ಕೊರೆದಂಥ ದುಂಡನೆಯ ರಂಧ್ರಗಳು ಬೀಳುತ್ತವೆ, ಬಿಳಿಯ ಮೇಲೆ ಅವು ಕಾಣುತ್ತವೆ. ಐದೂ ಬೊಟ್ಟಿನಿಂದ ದೂರ ಬಿದ್ದಿರಬಹುದು, ಆದರೆ ಒಂದರ ಪಕ್ಕ ಒಂದು ಗುಂಪಾಗಿ ಬಿದ್ದಿದ್ದರೆ ನಾನು ಚಪ್ಪಾಳೆ ತಟ್ಟುತ್ತೇನೆ. ಗುಂಪು ಎಲ್ಲಿದೆ ಎಂಬುದು ಬಂದೂಕಿನ ಸೈಟಿಗೆ ಸಂಬಂಧಿಸಿದ ಮಾತು, ಅದನ್ನು ನಾನು ಎರಡು ಸಲ ತಿರುಗಿಸಿ ಸರಿಪಡಿಸಬಲ್ಲೆ. ಗುಂಪು ಎಷ್ಟು ಚಿಕ್ಕದಿದೆ ಎಂಬುದು ಮಾತ್ರ ಹೊಡೆದವರ ಸ್ವಂತ ಸಂಪಾದನೆ. ಸೈಟು ತಿದ್ದಿದ ಮೇಲೆ ಅದೇ ಕೈ, ಅದೇ ಹಿಡಿತ, ಆದರೆ ಗುಂಪು ಬೊಟ್ಟಿನೊಳಗೇ ಹೋಗಿ ಕುಳಿತಾಗ ಅವರ ಮುಖ ಅರಳುವುದನ್ನು ನೀವು ನೋಡಬೇಕು.

ಕೊನೆಯ ಐದು ಹೊಡೆತ ಬಲೂನಿಗೆ. ಹೌದು, ಜಾತ್ರೆಯವನಿಂದ ಕದ್ದದ್ದೇ. ಆದರೆ ಹಿಂದೆ ಗಟ್ಟಿ ಹಲಗೆಯಲ್ಲ, ಪೆಲೆಟ್ಟನ್ನು ಹಿಡಿದಿಟ್ಟುಕೊಳ್ಳುವ ಟ್ರ್ಯಾಪ್ ಪೆಟ್ಟಿಗೆ. ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ, ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅಲ್ಲಿಯೂ ಕಾಯಿ ಸಿಡಿದದ್ದು ಇಡೀ ಮೈದಾನಕ್ಕೆ ಕಾಣುತ್ತದೆ, ತೀರ್ಪುಗಾರನ ಭೂತಗನ್ನಡಿ ಬೇಕಿಲ್ಲ. ಅದು ಮದ್ದುಗುಂಡಿನ ಕೋವಿಯ ಲೋಕ, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕಾನೂನು ಕೊಟ್ಟಿರುವ ವಿನಾಯಿತಿಯ ಮೇಲೆ ನಡೆಯುವಂಥದ್ದು, ನಮ್ಮ ಹೊಸಬರಿಗೆ ಅಲ್ಲಿ ಕೆಲಸವಿಲ್ಲ. ಕಾಗದದ ಅಂಕಕ್ಕಿಂತ ಒಡೆಯುವ ಕಾಯಿ ಮನುಷ್ಯನಿಗೆ ಬೇಗ ಅರ್ಥವಾಗುತ್ತದೆ ಎಂಬುದಕ್ಕಷ್ಟೇ ಈ ಉದಾಹರಣೆಯನ್ನು ತಂದೆ.

ಇನ್ನು ಬಂದೂಕು ಮುಟ್ಟುವ ಮೊದಲಿನ ಅರ್ಧ ಗಂಟೆ. ರೇಂಜಿನಲ್ಲಿ ನಾಲ್ಕು ಆಜ್ಞೆಗಳಿವೆ: ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್. ಇವುಗಳಲ್ಲಿ ಮೊದಲ ಎರಡನ್ನು ರೇಂಜ್ ಅಧಿಕಾರಿ ಮಾತ್ರ ಕೊಡಬಹುದು. ‘ಸ್ಟಾಪ್’ ಎಂದು ಮಾತ್ರ ಅಪಾಯ ಕಂಡ ಯಾರು ಬೇಕಾದರೂ ಕೂಗಬಹುದು. ಆದ್ದರಿಂದ ನನ್ನ ಪಾಠ ಆ ಪದದಿಂದಲೇ ಆರಂಭವಾಗುತ್ತದೆ. ಹಿರಿಯ ಶೂಟರ್‌ಗಳು ಸಾಲಾಗಿ ಅಭ್ಯಾಸ ಮಾಡುತ್ತಿರುವಾಗ ಹೊಸ ಹುಡುಗನನ್ನು ಹಿಂದೆ ನಿಲ್ಲಿಸಿ, ‘ನಿನಗೆ ಮನಸ್ಸು ಬಂದಾಗ ಸ್ಟಾಪ್ ಎಂದು ಕೂಗು’ ಎನ್ನುತ್ತೇನೆ. ಅವನು ಮೊದಲು ಸಂಕೋಚದಿಂದ ಪಿಸುಗುಟ್ಟುತ್ತಾನೆ, ಯಾರಿಗೂ ಕೇಳುವುದಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಕೂಗಿದಾಗ, ರಾಜ್ಯಮಟ್ಟದ ಪದಕ ಗೆದ್ದವರೂ ಸೇರಿದಂತೆ ಎಲ್ಲರೂ ಬಂದೂಕು ಖಾಲಿಮಾಡಿ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಐದನೆಯ ತರಗತಿಯ ಹುಡುಗನ ಮಾತಿಗೆ ದೊಡ್ಡವರು ಹೀಗೆ ನಿಲ್ಲುವ ಜಾಗ ನಮ್ಮ ಸಮಾಜದಲ್ಲಿ ಇನ್ನೆಲ್ಲಿದೆ ಹೇಳಿ! ಅಂದಿನಿಂದ ಆ ನಿಯಮವನ್ನು ಅವನು ತನ್ನದೆಂದೇ ಭಾವಿಸಿ ಕಾಯುತ್ತಾನೆ.

ಉಳಿದ ನಿಯಮಗಳು ಕಡಿಮೆ, ಆದರೆ ಅವುಗಳಿಗೆ ವಿನಾಯಿತಿ ಇಲ್ಲ. ಯಾವ ಬಂದೂಕನ್ನೂ, ಈಗಷ್ಟೇ ಖಾಲಿಮಾಡಿ ತೋರಿಸಿದ್ದನ್ನೂ, ತುಂಬಿದ ಬಂದೂಕೆಂದೇ ತಿಳಿಯಬೇಕು. ನಳಿಗೆ ಸದಾ ಗುರಿಯ ದಿಕ್ಕಿಗಿರಬೇಕು; ಮಾತನಾಡಬೇಕಾದರೆ ಬಂದೂಕನ್ನು ಮೇಜಿನ ಮೇಲಿಟ್ಟು, ಬರಿಗೈಯಲ್ಲಿ ತಿರುಗಬೇಕು. ಸೈಟು ಗುರಿಯ ಮೇಲೆ ನಿಲ್ಲುವವರೆಗೆ ಬೆರಳು ಟ್ರಿಗರಿನ ಹೊರಗೆ ನೆಟ್ಟಗೆ ಚಾಚಿಕೊಂಡಿರಬೇಕು. ಗುರಿಯ ಹಿಂದೆ ಏನಿದೆ, ಪಕ್ಕದಲ್ಲಿ ಬಾಗಿಲಿದೆಯೇ, ಯಾರಾದರೂ ಬರುವ ದಾರಿಯಿದೆಯೇ ಎಂದು ನೋಡದೆ ಪೆಲೆಟ್ ಹಾಕುವಂತಿಲ್ಲ. ಬಳಸದಿರುವಾಗ ನಳಿಗೆಯೊಳಗೆ ಸೇಫ್ಟಿ ಫ್ಲ್ಯಾಗ್ ಎಂಬ ಕಿತ್ತಳೆ ಬಣ್ಣದ ದಾರ ಹಾಯ್ದಿರಬೇಕು. ಹಿಂದಿನಿಂದ ಹಾಕಿದ ದಾರದ ತುದಿ ಮುಂದಿನ ಬಾಯಿಂದ ಹೊರಗೆ ಇಣುಕಿದರೆ ಒಳಗೆ ಪೆಲೆಟ್ ಇಲ್ಲವೆಂದು ದೂರದಿಂದಲೇ ತಿಳಿಯುತ್ತದೆ.

ಮನೆಗಳಲ್ಲಿ ಸಾಮಾನ್ಯವಾಗಿರುವ, ನಳಿಗೆಯನ್ನು ಮಧ್ಯಕ್ಕೆ ಮಡಚಿ ಪೆಲೆಟ್ ಹಾಕುವ ಸ್ಪ್ರಿಂಗ್ ಬಂದೂಕಿನ ಬಗ್ಗೆ ಬೇರೆಯಾಗಿ ಒಂದು ಎಚ್ಚರ ಹೇಳಬೇಕು. ಮಡಚಿದ ನಳಿಗೆಯನ್ನು ಒಂದು ಕೈ ಗಟ್ಟಿಯಾಗಿ ಹಿಡಿದೇ ಇರಬೇಕು. ಆಗ ಟ್ರಿಗರ್ ಜಾರಿದರೆ ನಳಿಗೆ ಚಟ್ಟನೆ ಮೇಲೇಳುತ್ತದೆ, ನಡುವೆ ಸಿಕ್ಕ ಬೆರಳಿನ ಗತಿ ಊಹಿಸಿಕೊಳ್ಳಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕು, ಪಕ್ಕದಲ್ಲಿ ನಿಂತು ನೋಡುವವರಿಗೂ ಬೇಕು. ಪೆಲೆಟ್ಟು ಸೀಸದ್ದೆಂಬುದನ್ನು ಮರೆಯಬಾರದು: ಎರಡೂ ಕೈ ಬೇಕಾದಾಗ ಪೆಲೆಟ್ಟನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವ ಹುಡುಗರನ್ನು ನಾನು ಈಗಲೂ ಕಾಣುತ್ತೇನೆ. ರೇಂಜಿನೊಳಗೆ ಚಕ್ಕುಲಿ, ಕಡಲೆಕಾಯಿ ಯಾವುದೂ ಇಲ್ಲ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಡಬ್ಬಿ ಬಿಚ್ಚಬೇಕು.

ಗುರಿಯಿಡುವ ವಿದ್ಯೆಗೆ ಬರುವಾಗ ನಮ್ಮೆಲ್ಲರ ತಲೆಯಲ್ಲಿ ಒಂದು ಹಳೆಯ ಕಥೆ ಕುಳಿತಿರುತ್ತದೆ. ಮರದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣುತ್ತಿದೆ ಎಂದು ದ್ರೋಣರು ಕೇಳುತ್ತಾರೆ, ಹಕ್ಕಿಯಲ್ಲದೆ ಬೇರೇನೂ ಕಾಣದು ಎಂದ ಅರ್ಜುನ ಮೆಚ್ಚುಗೆ ಪಡೆಯುತ್ತಾನೆ. ಏಕಾಗ್ರತೆಯ ಪಾಠವಾಗಿ ಆ ಕಥೆ ದೊಡ್ಡದು, ನಾನು ಅದಕ್ಕೆ ಕೈಮುಗಿಯುತ್ತೇನೆ; ಆದರೆ ಪಿಸ್ತೂಲ್ ಹಿಡಿದ ಮಗು ಅರ್ಜುನನಂತೆ ನೋಡಿದರೆ ಅಂಕ ಸಿಗುವುದಿಲ್ಲ. ಮನುಷ್ಯನ ಕಣ್ಣು ಒಂದೇ ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದು. ಗುರಿಯನ್ನು ಸ್ಪಷ್ಟವಾಗಿಸಿಕೊಂಡರೆ ಕೈಯಲ್ಲಿರುವ ಸೈಟು ಮಸುಕಾಗುತ್ತದೆ, ಆಗ ಅದು ಓರೆಯಾದದ್ದು ತಿಳಿಯುವುದೇ ಇಲ್ಲ. ಆದ್ದರಿಂದ ನಾವು ಕಲಿಸುವುದು ತಿರುವುಮುರುವಾದ ಪಾಠ: ಮುಂದಿನ ಸೈಟು ಚೂಪಾಗಿ ಕಾಣಲಿ, ಗುರಿ ಮಂಜಿನೊಳಗಿನ ಕಪ್ಪು ಉಂಡೆಯಂತೆ ತೇಲುತ್ತಿರಲಿ. ಹಿಂದಿನ ಸೈಟಿನ ಸೀಳಿನಲ್ಲಿ ಮುಂದಿನ ಸೈಟಿನ ಎರಡೂ ಪಕ್ಕ ಒಂದೇ ಅಳತೆಯ ಬೆಳಕು ಉಳಿದಿದೆಯೇ ಎಂಬುದನ್ನಷ್ಟೇ ನೋಡು ಎನ್ನುತ್ತೇವೆ. ಗುರಿಯನ್ನು ಬಿಟ್ಟುಕೊಟ್ಟವರಿಗೆ ಗುರಿ ಸಿಗುವ ಈ ವಿಚಿತ್ರವನ್ನು ನಂಬಿಸಲು ಹತ್ತು ನಿಮಿಷ ಬೇಕಾಗುತ್ತದೆ, ಆದರೆ ಹಾಳೆಯ ಮೇಲಿನ ಗುಂಪು ಅರ್ಧಕ್ಕೆ ಕುಗ್ಗಿದಾಗ ವಾದ ಮುಗಿಯುತ್ತದೆ.

ಇದಕ್ಕೂ ಮೊದಲು ಯಾವ ಕಣ್ಣು ಮೇಲುಗೈಯದು ಎಂದು ನೋಡಿಕೊಳ್ಳಬೇಕು. ಎರಡೂ ಅಂಗೈಗಳನ್ನು ಚಾಚಿ ನಡುವೆ ಸಣ್ಣ ಕಿಂಡಿ ಬಿಟ್ಟು, ಅದರ ಮೂಲಕ ಗೋಡೆಯ ಗಡಿಯಾರವನ್ನು ನೋಡುತ್ತಾ ಒಂದೊಂದೇ ಕಣ್ಣು ಮುಚ್ಚಿದರೆ, ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ಗುರಿಯಿಡುವ ಕಣ್ಣು. ಬಲಗೈಯವರೆಲ್ಲರಿಗೂ ಬಲಗಣ್ಣೇ ಇರಬೇಕೆಂದಿಲ್ಲ. ಇನ್ನೊಂದು ಕಣ್ಣನ್ನು ಹಿಂಡಿ ಮುಚ್ಚಿಕೊಳ್ಳುವ ಬದಲು ಅದರ ಮುಂದೆ ಒಂದು ಬಿಳಿಯ ಕಾಗದದ ಪಟ್ಟಿ ಇಳಿಬಿಟ್ಟರೆ ಮುಖ ಬಿಗಿಯುವುದಿಲ್ಲ.

ಟ್ರಿಗರಿನ ಪಾಠವನ್ನು ನನಗೆ ಚೆನ್ನಾಗಿ ಕಲಿಸಿದವರು ಒಬ್ಬ ಅಜ್ಜಿ. ಮೊಮ್ಮಗನನ್ನು ಬಿಡಲು ಬರುತ್ತಿದ್ದ ಅವರು ಬೆಂಚಿನ ಮೇಲೆ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ‘ನೀವೂ ಒಮ್ಮೆ ಹೊಡೆದು ನೋಡಿ ಅಮ್ಮ’ ಎಂದು ನಾನು ಒತ್ತಾಯಿಸಿದ ಮೇಲೆ ಒಂದು ದಿನ ಸೆರಗು ಸಿಕ್ಕಿಸಿಕೊಂಡು ಮೇಜಿಗೆ ಬಂದರು. ಮೊಮ್ಮಗ ಟ್ರಿಗರನ್ನು ಗಕ್ಕನೆ ಎಳೆಯುತ್ತಿದ್ದ, ಅವನ ಪೆಲೆಟ್ಟುಗಳು ಬಲಕ್ಕೆ ಕೆಳಕ್ಕೆ ಹಾರುತ್ತಿದ್ದವು. ಅಜ್ಜಿಯ ಐದೂ ರಂಧ್ರ ಒಂದು ಅಡಿಕೆಯಡಿ ಮುಚ್ಚಿಹೋಗುವಷ್ಟು ಹತ್ತಿರವಿದ್ದವು. ಹೇಗೆಂದು ಕೇಳಿದಾಗ ಅವರು ಹೂವಿನ ದಾರ ತೋರಿಸಿದರು. ಗಂಟನ್ನು ಬಿಗಿಯುವಾಗ ದಾರವನ್ನು ಒಂದೇ ಸಮ ಎಳೆಯಬೇಕು, ಸಡಿಲವಾದರೆ ಹೂವು ಉದುರುತ್ತದೆ, ಜಗ್ಗಿದರೆ ತೊಟ್ಟು ತುಂಡಾಗುತ್ತದೆ. ಅಂದಿನಿಂದ ನಾನು ಟ್ರಿಗರನ್ನು ‘ಒತ್ತು’ ಎನ್ನುವುದನ್ನೂ ‘ಎಳೆ’ ಎನ್ನುವುದನ್ನೂ ಬಿಟ್ಟು ‘ಹೂವಿನ ಗಂಟು ಬಿಗಿ’ ಎನ್ನತೊಡಗಿದೆ. ನಗರದ ಮಕ್ಕಳಿಗೆ ಅದಕ್ಕೂ ಮೊದಲು ಒಂದು ಮೊಳ ಮಲ್ಲಿಗೆ ಕಟ್ಟುವುದನ್ನು ಕಲಿಸಬೇಕಾಗುತ್ತದೆ ಎಂಬುದು ಬೇರೆ ಮಾತು.

ಪೆಲೆಟ್ ನಳಿಗೆಯಿಂದ ಹೊರಟು 10 ಮೀಟರ್ ತಲುಪಲು ಸೆಕೆಂಡಿನ ನೂರರಲ್ಲಿ ಆರು ಪಾಲಿನಷ್ಟು ಹೊತ್ತು ಸಾಕು. ಆದರೆ ಹೊಡೆದವರು ಫಲ ನೋಡುವ ಆತುರಕ್ಕೆ ತಲೆಯೆತ್ತುವ ಅಭ್ಯಾಸ ಮಾಡಿಕೊಂಡರೆ, ನಾಲ್ಕನೆಯ ಹೊಡೆತಕ್ಕೆ ಆ ತಲೆ ಪೆಲೆಟ್ ಹೊರಡುವ ಮೊದಲೇ ಏಳತೊಡಗುತ್ತದೆ. ಹೊಡೆದ ಮೇಲೂ ಎರಡು ಎಣಿಸುವವರೆಗೆ ಸೈಟನ್ನೇ ನೋಡುತ್ತಿರಬೇಕು. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಎಂಟು ಹತ್ತು ಸೆಕೆಂಡಿನೊಳಗೆ ಹೊಡೆತ ಆಗದಿದ್ದರೆ ಕಣ್ಣು ಮಂಜಾಗುತ್ತದೆ, ಕೈ ಅಲುಗುತ್ತದೆ. ಆಗ ಹೊಡೆಯದೆ ಬಂದೂಕು ಇಳಿಸಬೇಕು. ಇದು ಹೊಸಬರಿಗೆ ಅತ್ಯಂತ ಕಷ್ಟದ ಕೆಲಸ, ಎತ್ತಿದ್ದನ್ನು ಇಳಿಸುವುದು ಸೋಲೆಂದು ಅವರಿಗೆ ಅನ್ನಿಸುತ್ತದೆ. ಹಾಗಾಗಿ ನಾನು ಅದಕ್ಕೂ ಅಂಕ ಇಟ್ಟಿದ್ದೇನೆ: ಸರಿಯಾದ ಹೊತ್ತಿಗೆ ಇಳಿಸಿದ ಪ್ರತಿ ಸಲಕ್ಕೂ ಹತ್ತು. ಮೊದಲ ದಿನ ಕೆಲವು ಮಕ್ಕಳು ಹೊಡೆದು ಗಳಿಸಿದ್ದಕ್ಕಿಂತ ಇಳಿಸಿ ಗಳಿಸಿದ್ದೇ ಹೆಚ್ಚಿರುತ್ತದೆ. ಇಲ್ಲಿ ಸುರಕ್ಷತೆಯೂ ಕೌಶಲವೂ ಒಂದೇ ಚಲನೆಯಲ್ಲಿ ಸೇರಿಕೊಳ್ಳುವುದನ್ನು ಗಮನಿಸಿ. ಬೇಡವೆನಿಸಿದಾಗ ಬೆರಳನ್ನು ಹೊರಗೆ ತೆಗೆಯಬಲ್ಲ ಕೈಯನ್ನು ನಾನು ನಂಬಬಲ್ಲೆ.

ಪೋಷಕರಿಗೆ ಎರಡು ಮಾತು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ 10.8 ಅಂಕದ (ಫೈನಲಿನಲ್ಲಿ ಅಂಕವನ್ನು ದಶಾಂಶದಲ್ಲೂ ಎಣಿಸುತ್ತಾರೆ) ಕೊನೆಯ ಹೊಡೆತದೊಂದಿಗೆ ಚಿನ್ನ ಗೆದ್ದಾಗ, 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಎರಡು ಕಂಚು ತಂದಾಗ, ರೇಂಜುಗಳ ಬಾಗಿಲಲ್ಲಿ ಸಾಲು ನಿಂತಿತು. ಬಂದವರಲ್ಲಿ ಅನೇಕರ ಮೊದಲ ಪ್ರಶ್ನೆ, ‘ಎಷ್ಟು ವರ್ಷದಲ್ಲಿ ನ್ಯಾಷನಲ್ಸ್?’ ಎಂಬುದಾಗಿತ್ತು. ಮಗುವಿನ ಹಿಂದೆ ನಿಂತು ಪ್ರತಿ ಹೊಡೆತಕ್ಕೂ ನಿಟ್ಟುಸಿರು ಬಿಡುವ ಅಪ್ಪನನ್ನು ನಾನು ವಿನಯದಿಂದಲೇ ಹೊರಗೆ ಕಾಫಿಗೆ ಕಳುಹಿಸುತ್ತೇನೆ. ಮೊದಲ ಕೆಲವು ತಿಂಗಳು ಬಂದೂಕು ಕೊಳ್ಳಬೇಡಿ, ಕ್ಲಬ್ಬಿನದನ್ನೇ ಬಳಸಿ; ರೈಫಲ್ಲಿಗೆ ಒಗ್ಗುತ್ತಾರೋ ಪಿಸ್ತೂಲಿಗೋ ಎಂದು ತಿಳಿಯುವ ಮೊದಲು ಕೊಂಡದ್ದು ಬೀರುವಿನ ಮೇಲೆ ಧೂಳು ತಿನ್ನುತ್ತದೆ. ಓಡಲಾಗದ ಮಗುವಿಗೆ ಈ ಆಟ ಬೇಡವೆಂದು ನೀವೇ ತೀರ್ಮಾನಿಸಬೇಡಿ. ಟೋಕಿಯೊ ಪ್ಯಾರಾಲಿಂಪಿಕ್ಸಿನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ಅವನಿ ಲೇಖರಾ ಹೊಡೆದದ್ದು ಗಾಲಿಕುರ್ಚಿಯಲ್ಲಿ ಕುಳಿತು, ಅವರಿಗೆ ತರಬೇತಿ ಕೊಟ್ಟವರು ಆಗಲೇ ಹೇಳಿದ ಸುಮಾ ಶಿರೂರ್.

ಒಟ್ಟು ಮೂವತ್ತು ಹೊಡೆತ, ಒಂದೂವರೆ ಗಂಟೆ. ಮೊದಲ ದಿನಕ್ಕೆ ನಾನು ಇದಕ್ಕಿಂತ ಹೆಚ್ಚು ಕೊಡುವುದಿಲ್ಲ. ‘ಇನ್ನು ಐದೇ ಐದು ಮೇಡಂ’ ಎಂದು ಗೋಗರೆಯುವಾಗಲೇ ನಿಲ್ಲಿಸುತ್ತೇನೆ, ಏಕೆಂದರೆ ಸುಸ್ತಾದ ಮೇಲಿನ ಐದು ಹೊಡೆತ ಹಿಂದಿನ ಮೂವತ್ತರ ನೆನಪನ್ನು ಕೆಡಿಸುತ್ತದೆ. ಬಂದೂಕು ಖಾಲಿ ಇದೆಯೆಂದು ನನಗೆ ತೋರಿಸಿ, ಫ್ಲ್ಯಾಗ್ ಹಾಕಿ, ಪೆಟ್ಟಿಗೆಯಲ್ಲಿಟ್ಟು, ಕೈ ತೊಳೆದು ಬಂದ ಮೇಲೆ, ಮೊದಲ ಐದು ರಂಧ್ರಗಳ ಹಾಳೆಯನ್ನೂ ಬಲೂನಿಗೆ ಮುಂಚಿನ ಕೊನೆಯ ಐದರ ಹಾಳೆಯನ್ನೂ ಅವರ ಕೈಗೇ ಕೊಡುತ್ತೇನೆ. ದಿನಾಂಕವನ್ನೂ ಯಾವ ಲೇನ್ ಎಂಬುದನ್ನೂ ಅವರೇ ಬರೆಯಬೇಕು. ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದನ್ನು ಮಾತ್ರ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಎಲ್ಲರೂ ಬಾಗಿಲು ದಾಟುವ ಮೊದಲೇ ಹಾಗೆ ನೋಡುತ್ತಾರೆ.